ಪ್ರಾದೇಶಿಕ ಸೈಬರ್ ಭದ್ರತಾ ಸಮ್ಮೇಳನ: ದೊಡ್ಡ ಹಾಲ್ ಬಿಡಿ, ಚಿಕ್ಕ ರೂಮಿಗೆ ಹೋಗಿ

ದೊಡ್ಡ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನಗಳ ಭಾಷಣಗಳು ಹೇಗೂ ಯೂಟ್ಯೂಬಿಗೆ ಬರುತ್ತವೆ. ಹಾಗಿರುವಾಗ ಪ್ರಾದೇಶಿಕ ಮಟ್ಟದ ಸೈಬರ್ ಭದ್ರತಾ ಸಮ್ಮೇಳನಕ್ಕೆ ರಜೆ ಹಾಕಿ ಹೋಗಬೇಕಾ? ಹೋಗಿ ಅಂತಲೇ ನಾನು ಹೇಳುತ್ತೇನೆ. ಆದರೆ ಬ್ಯಾನರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದನ್ನು ನೋಡಿ ಹೋಗಬೇಡಿ.

ನಾನು ಒಂದು ಆಸ್ಪತ್ರೆಯಲ್ಲಿ ಸಿಸ್ಟಮ್ ಅಡ್ಮಿನ್. ಸರ್ವರ್, ನೆಟ್‌ವರ್ಕ್, ಕೈಕೊಡುವ ಪ್ರಿಂಟರ್, ಪಾಸ್‌ವರ್ಡ್ ಮರೆತ ಡಾಕ್ಟರು, ಎಲ್ಲಾ ನನ್ನದು ಮತ್ತು ಇನ್ನೊಬ್ಬ ಸಹೋದ್ಯೋಗಿಯದು. ಭದ್ರತೆಗೆ ಅಂತ ಬೇರೆ ತಂಡ ಇಲ್ಲ. ಕೇಳಿದ್ದರಲ್ಲಿ ಸೋಮವಾರ ಕೆಲಸಕ್ಕೆ ಬರುವಂಥದ್ದು ಎಷ್ಟು ಅನ್ನೋದೇ ನನ್ನ ಅಳತೆ.

ನಾನು ಹೋಗಿದ್ದ ಸಮ್ಮೇಳನದ ಉದ್ಘಾಟನಾ ಭಾಷಣ ಎಐ ಬಗ್ಗೆ. ಬೇರೇನಿರುತ್ತೆ, ಅಲ್ವಾ? ಮುಕ್ಕಾಲು ಭಾಗ ಎಲ್ಲರೂ ಹೇಳುವುದೇ. ಮನಸ್ಸಿನಲ್ಲಿ ಉಳಿದದ್ದು ಒಂದೇ ಪ್ರಸಂಗ. 2024ರಲ್ಲಿ ಹಾಂಗ್‌ಕಾಂಗ್ ಪೊಲೀಸರು ಹೊರಗೆಡವಿದ ವಂಚನೆ ಅದು. ಹಣಕಾಸು ವಿಭಾಗದ ನೌಕರರೊಬ್ಬರು ವಿಡಿಯೋ ಮೀಟಿಂಗಿಗೆ ಸೇರುತ್ತಾರೆ. ತೆರೆಯ ಮೇಲೆ ಕಂಪನಿಯ ಮುಖ್ಯ ಹಣಕಾಸು ಅಧಿಕಾರಿ, ಪರಿಚಯದ ಸಹೋದ್ಯೋಗಿಗಳು. ಎಲ್ಲಾ ಡೀಪ್‌ಫೇಕ್. ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಭಾಷಣಕಾರರು ಇದಕ್ಕೆ ಯಾವ ಸಾಫ್ಟ್‌ವೇರನ್ನೂ ಮಾರಲಿಲ್ಲ. ದುಡ್ಡು ಕಳಿಸು ಅಂತ ಯಾರೇ ಹೇಳಲಿ, ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ವಾಪಸ್ ಫೋನ್ ಮಾಡಿ ಕೇಳಿ, ಅಷ್ಟೇ ಅಂದರು. ನಮ್ಮ ಅಕೌಂಟ್ಸ್ ವಿಭಾಗಕ್ಕೆ ಇದನ್ನು ಹಾಗೇ ದಾಟಿಸಿದ್ದೇನೆ.

ಭಾಷಣಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಸಪ್ಲೈ ಚೈನ್ ದಾಳಿಗಳ, ಅಂದರೆ ನಾವು ನಂಬಿ ಬಳಸುವ ಸಾಫ್ಟ್‌ವೇರಿನ ಮೂಲಕವೇ ಬರುವ ದಾಳಿಗಳ ಕುರಿತದ್ದು. 2024ರ ಮಾರ್ಚ್‌ನ ಎಕ್ಸ್‌ಜೆಡ್ ಯುಟಿಲ್ಸ್ ಪ್ರಕರಣ ನೆನಪಿರಬಹುದು. ಲಿನಕ್ಸ್‌ನಲ್ಲಿ ಫೈಲುಗಳನ್ನು ಕುಗ್ಗಿಸುವ ಒಂದು ಸಣ್ಣ ಲೈಬ್ರರಿ, ಅಂದರೆ ಬೇರೆ ಸಾಫ್ಟ್‌ವೇರುಗಳು ತಮ್ಮೊಳಗೆ ಬಳಸಿಕೊಳ್ಳುವ ಸಿದ್ಧ ಕೋಡ್. 'ಜಿಯಾ ಟಾನ್' ಅನ್ನುವ ಹೆಸರಿನವರು ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಅದರಲ್ಲಿ ಹಿಂಬಾಗಿಲು ಇಟ್ಟರು. ಕಂಡುಹಿಡಿದದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್. ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಯಾಕೋ ಅರ್ಧ ಸೆಕೆಂಡ್ ನಿಧಾನ ಆಗ್ತಿದೆಯಲ್ಲ ಅಂತ ಕೆದಕಿದ್ದಕ್ಕೆ ಸಿಕ್ಕಿಬಿತ್ತು.

ಇಷ್ಟು ಕಥೆ ಓದಿದವರಿಗೆಲ್ಲ ಗೊತ್ತು. ಇಲ್ಲಿ ಭಾಷಣ ಮಾಡಿದ ಹುಡುಗಿ ಕಥೆ ಹೇಳಿ ಬಿಡಲಿಲ್ಲ. ಪರದೆಯ ಎಡಕ್ಕೆ ಗಿಟ್‌ನಲ್ಲಿದ್ದ (ಎಲ್ಲರೂ ಕೋಡ್ ನೋಡುವ ಜಾಗ) ಫೈಲುಗಳ ಪಟ್ಟಿ, ಬಲಕ್ಕೆ ಬಿಡುಗಡೆಯಾದ 5.6.0 ಆವೃತ್ತಿಯ ಟಾರ್‌ಬಾಲ್‌ನ (ಕಟ್ಟಿ ಹಂಚುವ ಫೈಲುಗಳ ಗಂಟು) ಪಟ್ಟಿ. ಎರಡನ್ನೂ ಹೋಲಿಸುವ ಕಮಾಂಡ್ ಕೊಟ್ಟರು. ಗಿಟ್‌ನಲ್ಲಿ ಇಲ್ಲದ ಬಿಲ್ಡ್ ಕೋಡ್ ಟಾರ್‌ಬಾಲ್‌ನಲ್ಲಿತ್ತು. ಸಾಫ್ಟ್‌ವೇರ್ ಸಿದ್ಧಪಡಿಸುವಾಗ ಅದು ಟೆಸ್ಟ್ ಫೈಲುಗಳೊಳಗೆ ಅಡಗಿಸಿದ್ದ ಹಿಂಬಾಗಿಲನ್ನು ಬಿಚ್ಚಿ ಜೋಡಿಸುತ್ತಿತ್ತು. ಕೋಡ್ ಎಲ್ಲರಿಗೂ ಕಾಣುವಂತಿದೆ, ಯಾರಾದರೂ ನೋಡಿರುತ್ತಾರೆ ಅನ್ನುವ ನಮ್ಮ ಭರವಸೆ ಎಲ್ಲಿ ತಪ್ಪುತ್ತದೆ ಅನ್ನುವುದು ಆ ಒಂದು ಕಮಾಂಡಿನಲ್ಲಿ ಕಂಡಿತು. ಜನ ನೋಡುವುದು ಒಂದು ಕಡೆ, ಇನ್‌ಸ್ಟಾಲ್ ಆಗುವುದು ಇನ್ನೊಂದು.

ಬೇಜಾರಾಗಿದ್ದು ಪ್ರಶ್ನೋತ್ತರದಲ್ಲಿ. ಕೈ ಎತ್ತಿದವರು ಸಾಲಾಗಿ ಕೂತಿದ್ದರು, ಅಷ್ಟರಲ್ಲಿ ಪ್ರಾಯೋಜಕರ ವಿಡಿಯೋ ಹಾಕಿಬಿಟ್ಟರು. ನನ್ನ ಪ್ರಶ್ನೆ ಸರಳ. ಯಂತ್ರ ಮಾರುವವರು ಒಳಗೆ ಯಾವ ಯಾವ ಲೈಬ್ರರಿ ಇದೆ ಅಂತ ಪಟ್ಟಿ ಕೊಡದಿದ್ದರೆ ಚಿಕ್ಕ ಗ್ರಾಹಕ ಏನು ಮಾಡಬೇಕು? 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಲೈಬ್ರರಿಯ ಲಾಗ್4ಶೆಲ್ ದೋಷ ಹೊರಬಂದಾಗ ಒಂದೊಂದು ವೆಂಡರ್‌ಗೂ ಮೇಲ್ ಹಾಕಿ ಕಾದವರಿಗೆ ಈ ಸಂಕಟ ಗೊತ್ತು. ಆಮೇಲೆ ಕಾರಿಡಾರಿನಲ್ಲಿ ಆಕೆಯೇ ಸಿಕ್ಕಾಗ ಉತ್ತರ ಕೊಟ್ಟರು: ಕೊಳ್ಳುವ ಮೊದಲು ಒಪ್ಪಂದದಲ್ಲೇ ಬರೆಸಿಕೊಳ್ಳಿ, ಕೊಂಡ ಮೇಲೆ ಯಾರೂ ಕೊಡಲ್ಲ.

ಕ್ವಾಂಟಮ್ ಗೋಷ್ಠಿಗೆ ಸುಮ್ನೆ ಕೂತಿದ್ದೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ, ಕ್ವಾಂಟಮ್ ಕಂಪ್ಯೂಟರುಗಳ ದಾಳಿ ತಡೆಯುವ ಗೂಢಲಿಪಿಯ ಮೊದಲ 3 ಮಾನದಂಡಗಳನ್ನು ಪ್ರಕಟಿಸಿದೆ. ಈಗಲೇ ಕದ್ದಿಟ್ಟುಕೊಂಡು ಮುಂದೆ ಬೀಗ ಒಡೆಯುವ ಅಪಾಯ, ದಶಕಗಟ್ಟಲೆ ಗುಟ್ಟಾಗಿರಬೇಕಾದ ಮಾಹಿತಿಗೇ ಜಾಸ್ತಿ. ರೋಗಿಗಳ ದಾಖಲೆ ಅಂಥದ್ದೇ. ಸದ್ಯಕ್ಕೆ ಎಲ್ಲೆಲ್ಲಿ ಯಾವ ಎನ್‌ಕ್ರಿಪ್ಷನ್ (ಗೂಢಲಿಪಿ) ಇದೆ ಅಂತ ಪಟ್ಟಿ ಮಾಡಿಡಿ ಅಂದರು. ಉಳಿದ ಗಣಿತ ನನ್ನ ತಲೆ ಮೇಲಿಂದ ಹೋಯಿತು.

ಇನ್ನು ಚಿಕ್ಕ ರೂಮಿನ ವಿಷಯ. ಟೇಬಲ್‌ಟಾಪ್ ಎಕ್ಸರ್‌ಸೈಜ್ ಅಂತ ಕಾರ್ಯಕ್ರಮ ಪಟ್ಟಿಯ ಮೂಲೆಯಲ್ಲಿ ಬರೆದಿದ್ದರು. ದಾಳಿ ಆದರೆ ಏನು ಮಾಡುವುದು ಅಂತ ಮೇಜಿನ ಸುತ್ತ ಕೂತು ಮಾಡುವ ಅಭ್ಯಾಸ ಅದು. ಒಂದೊಂದು ಮೇಜಿಗೆ ಏಳೆಂಟು ಜನ. ನಮ್ಮ ಮೇಜಿನಲ್ಲಿ ನೀರು ಸರಬರಾಜಿನವರು, ಕಾಲೇಜಿನವರು, ಸಣ್ಣ ಬ್ಯಾಂಕಿನವರು, ನಾನು. ನಡೆಸಿಕೊಡುವವರು ಬಂದು ಒಂದು ಚೀಟಿ ಇಟ್ಟರು: ಶುಕ್ರವಾರ ಸಂಜೆ, ಸ್ಕ್ಯಾನಿಂಗ್ ವಿಭಾಗದ ಪಿಸಿಯಲ್ಲಿ ಫೈಲುಗಳು ತೆರೆಯುತ್ತಿಲ್ಲ. ಎಲ್ಲರೂ ಒಂದೇ ದನಿಯಲ್ಲಿ, ನೆಟ್‌ವರ್ಕ್ ಕೇಬಲ್ ಕಿತ್ತು ಹಾಕಿ ಅಂದೆವು. ಎರಡನೇ ಚೀಟಿ: ಬ್ಯಾಕಪ್ ಸರ್ವರ್ ಕೂಡ ಅದೇ ಡೊಮೇನ್‌ನಲ್ಲಿದೆ, ಅಂದರೆ ಒಂದೇ ಲಾಗಿನ್ ವ್ಯವಸ್ಥೆ, ದಾಳಿ ಅಲ್ಲಿಗೂ ತಲುಪಬಹುದು. ಸ್ವಲ್ಪ ಮೌನ. ಮೂರನೇ ಚೀಟಿ: ತುರ್ತು ಫೋನ್ ನಂಬರುಗಳ ಪಟ್ಟಿ ಶೇರ್ಡ್ ಡ್ರೈವ್‌ನಲ್ಲಿದೆ, ಅದೂ ಲಾಕ್ ಆಗಿದೆ. ಮೇಜಿನ ಫೋನುಗಳೂ ಅದೇ ನೆಟ್‌ವರ್ಕಿನವು, ಸತ್ತಿವೆ.

ನೀರು ಸರಬರಾಜಿನವರು ಜೇಬಿನಿಂದ ಲ್ಯಾಮಿನೇಟ್ ಮಾಡಿದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಒಂದು ಬದಿಯಲ್ಲಿ ನಂಬರುಗಳು. ಇನ್ನೊಂದು ಬದಿಯಲ್ಲಿ ಯಾವ ಸ್ವಿಚ್ ಮೊದಲು ಆಫ್ ಮಾಡಬೇಕು, ಆ ನಿರ್ಧಾರ ಯಾರದ್ದು, ಅವರು ಸಿಗದಿದ್ದರೆ ಮುಂದೆ ಯಾರು. ಇಡೀ ಸಮ್ಮೇಳನದಲ್ಲಿ ಅದಕ್ಕಿಂತ ಒಳ್ಳೆಯ ಭದ್ರತಾ ಉತ್ಪನ್ನ ನಾನು ನೋಡಲಿಲ್ಲ.

ಅಲ್ಲೇ ಹಳೇ ಯಂತ್ರಗಳ ಗೋಳೂ ಬಂತು. 2017ರ ಮೇನಲ್ಲಿ ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬ್ರಿಟನ್ನಿನ ಆಸ್ಪತ್ರೆಗಳ ಕೆಲಸ ಕೆಡಿಸಿದಾಗ, ಅದು ಬಳಸಿದ ದೋಷಕ್ಕೆ ಪ್ಯಾಚ್ (ಸರಿಪಡಿಸುವ ಅಪ್‌ಡೇಟ್) ಮಾರ್ಚ್‌ನಲ್ಲೇ ಬಂದಿತ್ತು. ಪ್ಯಾಚ್ ಹಾಕದವರು ಸೋಮಾರಿಗಳು ಅಂತ ಹೇಳುವುದು ಸುಲಭ. ತಯಾರಕರ ಒಪ್ಪಿಗೆ ಇಲ್ಲದೆ ಸ್ಕ್ಯಾನಿಂಗ್ ಯಂತ್ರದ ವಿಂಡೋಸ್ ಮುಟ್ಟೋ ಹಾಗಿಲ್ಲ ಅನ್ನುವುದು ನಮ್ಮಂಥವರಿಗೆ ಗೊತ್ತು. ನೀರಿನವರ ಕಂಟ್ರೋಲರುಗಳ ಕಥೆಯೂ ಅದೇ. ಅಂಥವನ್ನು ಬೇರೆ ನೆಟ್‌ವರ್ಕಿನಲ್ಲಿ ಇಟ್ಟು, ನಡುವೆ ಬೇಕಾದಷ್ಟೇ ದಾರಿ ಬಿಡುವುದು ಹೇಗೆ ಅಂತ ಕಾಗದದ ಮೇಲೆ ಗೆರೆ ಎಳೆದು ಮಾತಾಡಿದೆವು. ಯಾವ ಸ್ಲೈಡೂ ಬೇಕಾಗಲಿಲ್ಲ.

ಸ್ಟಾಲುಗಳ ಬಗ್ಗೆ ಹೇಳದಿದ್ದರೆ ಆಗಲ್ಲ. ಬ್ಯಾಡ್ಜ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿದರೆ ಮಾತ್ರ ಚೀಲ, ಸ್ಟಿಕರ್. ನನ್ನ ಫೋನಿನಲ್ಲೇ ಸ್ಕ್ಯಾನ್ ಮಾಡಿ ನೋಡಿದೆ. ಹೆಸರು, ಹುದ್ದೆ, ಮೇಲ್, ಮೊಬೈಲ್ ನಂಬರ್, ಎಲ್ಲಾ ಹಾಗೇ ಓದಲು ಸಿಕ್ಕಿತು. ಭದ್ರತಾ ಸಮ್ಮೇಳನದಲ್ಲಿ! ಬ್ಯಾಡ್ಜ್ ತಿರುಗಿಸಿ ಹಾಕಿಕೊಂಡೆ. ಇನ್ನೂ ಕೆಲವರು ಹಾಗೇ ಮಾಡಿದ್ದರು. ಸ್ಟಾಲಿನವರ ಫೋನ್ ಮಾತ್ರ ಈಗಲೂ ಬರ್ತಿದೆ.

ವಿದ್ಯಾರ್ಥಿಗಳು ಸಿಟಿಎಫ್ (ಕ್ಯಾಪ್ಚರ್ ದ ಫ್ಲ್ಯಾಗ್, ಹ್ಯಾಕಿಂಗ್ ಒಗಟು ಬಿಡಿಸುವ) ಸ್ಪರ್ಧೆಯ ರೂಮಿಗೆ ಧಾರಾಳವಾಗಿ ಹೋಗಬಹುದು, ಅಲ್ಲಿ ಗೊತ್ತಿಲ್ಲದವರಿಗೆ ಹೇಳಿಕೊಡುವ ವಾತಾವರಣ ಇತ್ತು. ದೊಡ್ಡ ಕಂಪನಿಯಲ್ಲಿ ಭದ್ರತಾ ತಂಡದಲ್ಲಿರುವವರಿಗೆ ಹೊಸದು ಹೆಚ್ಚೇನೂ ಸಿಗಲಿಕ್ಕಿಲ್ಲ. ನಮ್ಮ ಹಾಗೆ ಒಬ್ಬಿಬ್ಬರೇ ಎಲ್ಲಾ ನೋಡಿಕೊಳ್ಳುವ ಕಡೆಯವರು ಹೋಗಲೇಬೇಕು. ಟೇಬಲ್‌ಟಾಪ್‌ಗೆ ನೋಂದಣಿ ಪುಟದಲ್ಲಿ ಬೇರೆಯಾಗಿ ಟಿಕ್ ಹಾಕಬೇಕು, ಕೆಳಗೆ ಸಣ್ಣ ಅಕ್ಷರದಲ್ಲಿದೆ. ಜಾಗ ಕಡಿಮೆ, ಬೇಗ ತುಂಬುತ್ತೆ. ಮೊಬೈಲ್ ನಂಬರಿನ ಖಾನೆ ಕಡ್ಡಾಯ ಅಲ್ಲ, ಖಾಲಿ ಬಿಡಿ.