ಟೆನಿಸ್ ಅಭ್ಯಾಸಕ್ಕೆ 3 ಕಿಲೋ ಮೆಡಿಸಿನ್ ಬಾಲ್: ದೀರ್ಘಕಾಲದ ಬಳಕೆಯ ನಂತರದ ಅಭಿಪ್ರಾಯ

ಟೆನಿಸ್‌ಗಾಗಿ ಹೊಟ್ಟೆ, ಸೊಂಟ ಮತ್ತು ಬೆನ್ನಿನ ಸ್ನಾಯುಗಳನ್ನು ಬಲಪಡಿಸಲು ಹೊರಟವರಲ್ಲಿ ಹೆಚ್ಚಿನವರು ಕ್ರಂಚ್ ಮತ್ತು ಪ್ಲ್ಯಾಂಕ್‌ಗಳಲ್ಲೇ ನಿಂತುಬಿಡುತ್ತಾರೆ. ಅವು ಚಾಪೆಯ ಮೇಲಿನ ವ್ಯಾಯಾಮಗಳು. ಆಟವಾದರೋ ನಿಂತಲ್ಲಿಂದ ತಿರುಗಿ ಹೊಡೆದು, ಆ ತಿರುವನ್ನು ತಡೆದು, ಮತ್ತೆ ಓಡುವಂಥದ್ದು. ಈ ಕೊರತೆಯನ್ನು ತುಂಬಲೆಂದು ಕೊಂಡ, ಒಳಗೆ ಗಾಳಿ ತುಂಬಿದ, ಪುಟಿಯುವ ರಬ್ಬರ್ ಮೆಡಿಸಿನ್ ಬಾಲನ್ನು, ಅಂದರೆ ವ್ಯಾಯಾಮಕ್ಕೆಂದೇ ಮಾಡಿದ ಭಾರದ ಚೆಂಡನ್ನು, ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ.

ಇದರ ದೊಡ್ಡ ಗುಣವೆಂದರೆ ತೋಳಿನ ಕಳ್ಳಾಟವನ್ನು ಬಯಲಿಗೆಳೆಯುವುದು. ಸುಮಾರು 300 ಗ್ರಾಂ ತೂಗುವ ರ‍್ಯಾಕೆಟ್ಟನ್ನು ಬರೀ ತೋಳಿನಿಂದ ಬೀಸಿಯೂ ಚೆಂಡನ್ನು ಬಲೆ ದಾಟಿಸಬಹುದು, ಆದರೆ 3 ಕಿಲೋ ಭಾರವನ್ನು ಹಾಗೆ ಎಸೆದರೆ ಅದು ಗೋಡೆ ಮುಟ್ಟುವಷ್ಟರಲ್ಲೇ ಸೊರಗುತ್ತದೆ. ಗೋಡೆಗೆ ಪಕ್ಕವಾಗಿ ನಿಂತು, ಮೊಣಕಾಲು ಬಗ್ಗಿಸಿ, ಹಿಂಗಾಲಿನ ಮೇಲೆ ಭಾರ ಹಾಕಿ, ಮೊದಲು ಸೊಂಟ, ಅದರ ಹಿಂದೆ ಎದೆ, ಕೊನೆಗೆ ತೋಳು ತಿರುಗುವಂತೆ ಎಸೆದಾಗ ಮಾತ್ರ ಬಾಲ್ ಗಟ್ಟಿಯಾಗಿ ಬಡಿದು ಹಿಂದಿರುಗುತ್ತದೆ. ಫೋರ್‌ಹ್ಯಾಂಡ್‌ನಲ್ಲಿ ನೆಲದಿಂದ ಕಾಲಿನ ಮೂಲಕ ಬರುವ ಬಲ ಭುಜವನ್ನು ತಲುಪುವುದೂ ಇದೇ ಕ್ರಮದಲ್ಲಿ; ನಡುವೆ ಮುಂಡ ಸಡಿಲವಾದರೆ ಆ ಕೊರತೆಯನ್ನು ಭುಜ ಮತ್ತು ಮೊಣಕೈ ಹೊರಬೇಕಾಗುತ್ತದೆ. ಪುಟಿದು ಬಂದ ಬಾಲನ್ನು ಹಿಡಿಯುವಾಗ ತಿರುವನ್ನು ತಡೆಯುವ ಅಭ್ಯಾಸವೂ ಆಗುವುದರಿಂದ, ಪುಟಿಯದ ಮೆತ್ತನೆಯ ಬಾಲ್‌ಗಿಂತ ರಬ್ಬರಿನದೇ ನನಗೆ ಇಷ್ಟ.

ಕೆಳಬೆನ್ನಿನ ಮೂಳೆಗಳು ತಿರುಗುವುದು ಅತ್ಯಲ್ಪವೆಂಬುದು ಮಾತ್ರ ನೆನಪಿರಬೇಕು. ತಿರುವು ಸಿಗಬೇಕಾದದ್ದು ತೊಡೆಸಂದು ಮತ್ತು ಎದೆಭಾಗದ ಬೆನ್ನೆಲುಬಿನಿಂದ. ಪಾದವನ್ನು ನೆಲಕ್ಕೆ ಅಂಟಿಸಿಕೊಂಡು ಕೆಳಬೆನ್ನನ್ನು ತಿರುಚಿದರೆ ಲಾಭಕ್ಕಿಂತ ನೋವೇ ಹೆಚ್ಚು. ಈಗಾಗಲೇ ಬೆನ್ನುನೋವಿರುವವರು ಫಿಸಿಯೋಥೆರಪಿಸ್ಟ್‌ಗೆ ತೋರಿಸದೆ ಇದನ್ನು ಮುಟ್ಟದಿರುವುದು ಒಳ್ಳೆಯದು.

ಸರ್ವ್‌ಗೆ ನೆರವಾಗುವ, ತಲೆಯ ಮೇಲಿಂದ ಎಸೆಯುವ ಅಭ್ಯಾಸದಲ್ಲಿ ಇನ್ನಷ್ಟು ಎಚ್ಚರ ಬೇಕು. ಸರ್ವ್ ಮಾಡುವಾಗ ರ‍್ಯಾಕೆಟ್ ಹಿಡಿಯದ ಕಡೆಯ ಹೊಟ್ಟೆಯ ಸ್ನಾಯುಗಳು ಪೂರ್ತಿ ಹಿಗ್ಗಿ, ಮರುಕ್ಷಣವೇ ಬಲವಾಗಿ ಕುಗ್ಗುತ್ತವೆ. ಟೆನಿಸ್ ಆಟಗಾರರಲ್ಲಿ ಆ ಭಾಗಕ್ಕೆ ಪೆಟ್ಟಾಗುವುದು ಹೊಸತಲ್ಲ. ವೃತ್ತಿಪರರೂ ಹೊಟ್ಟೆಯ ಪೆಟ್ಟಿನಿಂದ ಹೊರತಲ್ಲ: ರಫೆಲ್ ನಡಾಲ್ 2022ರ ವಿಂಬಲ್ಡನ್ ಸೆಮಿಫೈನಲ್‌ನಿಂದ ಹಿಂದೆ ಸರಿದದ್ದು ಹೊಟ್ಟೆಯ ಸ್ನಾಯು ಹರಿದದ್ದರಿಂದಲೇ. ಆದ್ದರಿಂದ ಈ ಎಸೆತಕ್ಕೆ 3 ಕಿಲೋ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ತೂಕ ಏರಿದಷ್ಟೂ ಪ್ರಯೋಜನ ಏರುತ್ತದೆಂಬ ನಂಬಿಕೆ ಜಿಮ್‌ಗಳಲ್ಲಿ ಬೇರೂರಿದೆ. ಇಲ್ಲಿ ಬೆಳೆಸಬೇಕಾದದ್ದು ವೇಗ, ಮತ್ತು ಎಸೆತದ ವೇಗ ಇಳಿಯತೊಡಗಿದ ಕೂಡಲೇ ಆ ಸುತ್ತನ್ನು ನಿಲ್ಲಿಸಬೇಕು.

ಬಾಳಿಕೆಯ ಬಗ್ಗೆ ದೂರಿಲ್ಲ. ಮೇಲ್ಮೈಯ ಉಬ್ಬುಗೆರೆಗಳು ಸವೆದಿರುವುದರಿಂದ ಬೆವರಿದ ಕೈಯಲ್ಲಿ ಜಾರುತ್ತದೆ, ಮತ್ತು ಗಾಳಿ ನಿಧಾನವಾಗಿ ಇಳಿಯುವುದರಿಂದ ಆಗಾಗ ಪಂಪ್ ಮಾಡಬೇಕು. ಸದ್ದು ಮಾತ್ರ ವಿಪರೀತ. ಗಟ್ಟಿಯಾದ ಹೊರಗೋಡೆಯಿಲ್ಲದವರಿಗೆ ಇದು ಉಪಯೋಗಕ್ಕೆ ಬಾರದು.

ಇದೊಂದೇ ಸಾಕೆಂದು ಹೇಳಲಾರೆ. ದೇಹ ತಿರುಗದಂತೆ ಹಿಡಿದಿಡುವ ಬಲವೂ ಆಟಕ್ಕೆ ಬೇಕು, ಅದಕ್ಕೆ ಸೈಡ್ ಪ್ಲ್ಯಾಂಕ್ ಮತ್ತು ಪ್ಯಾಲೋಫ್ ಪ್ರೆಸ್, ಅಂದರೆ ಪಕ್ಕದ ಕಂಬಕ್ಕೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಎದೆಯ ಮುಂದಿನಿಂದ ನೇರವಾಗಿ ಚಾಚಿ ಅದರ ಎಳೆತಕ್ಕೆ ಬಗ್ಗದೆ ನಿಲ್ಲುವ ವ್ಯಾಯಾಮ, ಹೆಚ್ಚು ಸೂಕ್ತ. ಹೊಸದಾಗಿ ಕೊಳ್ಳುವವರು, ವಿಶೇಷವಾಗಿ ಎಳೆಯ ಆಟಗಾರರು, 1 ಅಥವಾ 2 ಕಿಲೋದಿಂದ ಆರಂಭಿಸಲಿ. ನಾನೂ ತಲೆಯ ಮೇಲಿನ ಎಸೆತಕ್ಕೆಂದು 2 ಕಿಲೋದ ಇನ್ನೊಂದನ್ನು ಕೊಳ್ಳುವವನಿದ್ದೇನೆ.