ಕೀಟೋ, ಅಟ್ಕಿನ್ಸ್, ವಿಆರ್‌ಕೆ, ಸೌತ್ ಬೀಚ್: ಮುದ್ದೆ ಅನ್ನದ ಮನೇಲಿ ಯಾವ್ದು ನಡೆಯತ್ತೆ?

ತೂಕ ಇಳಿಸೋಕೆ ಲೋ ಕಾರ್ಬ್ (ಅನ್ನ, ಹಿಟ್ಟು, ಸಕ್ಕರೆಲಿರೋ ಕಾರ್ಬೋಹೈಡ್ರೇಟ್ ಕಮ್ಮಿ ತಿನ್ನೋ ಡಯಟ್) ಮಾಡ್ಬೇಕು ಅಂತಿದೀನಿ, ಯಾವ್ದು ಒಳ್ಳೇದು ಹೇಳಿ ಅಂತ ಕೇಳೋರಿಗೆ ನನ್ನ ಮೊದಲ್ನೇ ಪ್ರಶ್ನೆ, ನಿಮ್ಮನೇಲಿ ಅಡುಗೆ ಮಾಡೋರು ಯಾರು? ಸೋಮವಾರ ಶನಿವಾರ ಮೊಟ್ಟೆ ನಡೆಯತ್ತಾ? ಮಿಕ್ಕವ್ರಿಗೆ ಅನ್ನ ಸಾರು ಬೇರೆ ಆಗ್ಬೇಕಾ? ಯಾಕಂದ್ರೆ ನಮ್ಮನೇಲಿ, ನೆಂಟರಲ್ಲಿ, ಆಫೀಸಲ್ಲಿ ಸೇರಿ ಈ ಡಯಟ್‌ಗಳೆಲ್ಲ ಒಂದು ರೌಂಡ್ ಆಗಿದೆ. ನಮ್ಮನೆಯವ್ರು ಕೀಟೋ, ನಾನು ಸೌತ್ ಬೀಚ್, ಬಳ್ಳಾರಿಲಿರೋ ನಮ್ಮಣ್ಣ ವಿಆರ್‌ಕೆ, ಆಫೀಸಲ್ಲಿ ಪಕ್ಕದ ಸೀಟಿನವ್ರು ಅಟ್ಕಿನ್ಸ್. ಎಲ್ರದ್ದೂ ತೂಕ ಇಳೀತು, ಅದ್ರಲ್ಲಿ ಡೌಟಿಲ್ಲ, ಎಷ್ಟು ದಿನ ನಡೀತು ಅನ್ನೋದೇ ಬೇರೆ ಬೇರೆ.

ಕೀಟೋ ಇಂದ ಶುರು ಮಾಡ್ತೀನಿ, ಜಾಸ್ತಿ ತಲೆ ತಿಂದಿದ್ದು ಅದೇ. ಇದು ಮೊದ್ಲು ತೂಕಕ್ಕೆ ಅಂತ ಬಂದಿದ್ದಲ್ಲ, 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ರಸೆಲ್ ವೈಲ್ಡರ್ ಅನ್ನೋ ಡಾಕ್ಟ್ರು ಮೂರ್ಛೆ ರೋಗಕ್ಕೆ ಅಂತ ಮಾಡಿದ್ದು. ದಿನಕ್ಕೆ 20ರಿಂದ 50 ಗ್ರಾಂ ಒಳಗೆ ಕಾರ್ಬ್, ಕ್ಯಾಲೊರಿಲಿ ಸುಮಾರು 70% ಕೊಬ್ಬು, ಆಗ ಲಿವರ್ರು ಕೊಬ್ಬಿಂದ ಕೀಟೋನ್ ಅನ್ನೋ ಇಂಧನ ಮಾಡಿ ಅದ್ರಲ್ಲೇ ಮೈ ನಡೆಸತ್ತೆ. ಓದೋಕೆ ಸುಲಭ. ನಮ್ ಕಡೆ ತಟ್ಟೇಲಿ ಇದನ್ನ ಕೂರಿಸೋದು ನೋಡಿ, ಆಗ ಗೊತ್ತಾಗತ್ತೆ.

ಎಲ್ರೂ ಕೇಳೋದು ಒಂದೇ, ಮುದ್ದೆ ತಿನ್ಬಹುದಲ್ವಾ, ರಾಗಿ ಶುಗರ್‌ಗೆ ಒಳ್ಳೇದಲ್ವಾ ಅಂತ. ರಾಗಿಲಿ ನಾರು ಇದೆ, ಕ್ಯಾಲ್ಸಿಯಂ ಭರ್ಜರಿ ಇದೆ, ಒಪ್ಪಿದೆ. ಆದ್ರೆ 100 ಗ್ರಾಂ ರಾಗಿ ಹಿಟ್ಟಲ್ಲಿ ಕಾರ್ಬ್ ಹತ್ರ ಹತ್ರ 70 ಗ್ರಾಂ. ಊರ ಕಡೆ ಸೈಜಿನ ಒಂದು ಮುದ್ದೆ ಮುರಿದ್ರೆ ಕೀಟೋದ ಇಡೀ ದಿನದ ಕೋಟಾ ಅಲ್ಲೇ ಮುಗೀತು. ನವಣೆ, ಸಾಮೆ ಅಂತ ದುಡ್ಡು ಕೊಟ್ಟು ತಂದ್ರೂ ಅದೇ ಕಥೆ, ಲೋ ಕಾರ್ಬ್ ಲೆಕ್ಕದಲ್ಲಿ ಸಿರಿಧಾನ್ಯಾನೂ ಧಾನ್ಯಾನೇ. ಬೇಳೆ ಕಾಳಿಗೂ ಕೀಟೋದಲ್ಲಿ ಜಾಗ ಇಲ್ಲ. ಮಿಕ್ಕಿದ್ದು ಮೊಟ್ಟೆ, ಕೋಳಿ, ಮೀನು, ಪನೀರ್, ಬೆಣ್ಣೆ, ತುಪ್ಪ, ತೆಂಗಿನಕಾಯಿ, ಬೆಣ್ಣೆಹಣ್ಣು, ಸೊಪ್ಪು. ಸೋಮವಾರ ಶನಿವಾರ ನಮ್ಮತ್ತೆ ಒಲೆ ಹತ್ರ ಮೊಟ್ಟೇನೂ ಬಿಡಲ್ಲ, ಆ ಎರಡು ದಿನ ನಮ್ಮನೆಯವ್ರಿಗೆ ಬೆಳಿಗ್ಗೆ ಪನೀರ್ ಬುರ್ಜಿ, ಮಧ್ಯಾಹ್ನ ಪಾಲಕ್ ಪನೀರ್, ರಾತ್ರಿ ಹೆಂಚಿನ ಮೇಲೆ ಪನೀರ್. ಕೊನೆಕೊನೆಗೆ ಫ್ರಿಜ್ ತೆಗೆದು ಆ ಬಿಳಿ ಪ್ಯಾಕೆಟ್ ನೋಡಿ ಹಂಗೇ ಮುಚ್ಚಿಬಿಡೋರು.

ಹೂಕೋಸಿನ ಅನ್ನ ಅಂತ ಒಂದಿದೆ, ತುರಿದು ಅನ್ನದ ಥರ ಮಾಡೋದು. ಇದ್ರ ಬಗ್ಗೆ ಪ್ರಾಮಾಣಿಕವಾಗಿ ಹೇಳ್ತೀನಿ, ಸಾರಿಗೆ ಆಗಲ್ಲ. ಸಾರು ಹಾಕಿದ ತಕ್ಷಣ ನೀರು ಬಿಟ್ಕೊಂಡು ಮೆತ್ತಗಾಗಿ ಕೋಸಿನ ವಾಸನೆ ಮೇಲೆ ಬರತ್ತೆ, ಹುಳೀಗೆ ಇನ್ನೂ ಕೆಟ್ಟದಾಗಿರತ್ತೆ. ತುರಿದು ಬಟ್ಟೇಲಿ ಹಿಂಡಿ, ಬಾಂಡ್ಲೀಲಿ ನೀರು ಹಾಕ್ದೆ ಜೋರು ಉರೀಲಿ ಹುರಿದು, ಕಡ್ಲೇಕಾಯಿ, ಹಸಿಮೆಣಸು, ಕರಿಬೇವಿನ ಒಗ್ಗರಣೆ, ಮೇಲೆ ನಿಂಬೆಹುಳಿ ಹಾಕಿ ಚಿತ್ರಾನ್ನ ಮಾಡಿದ್ರೆ ಮಾತ್ರ ತಿನ್ನೋ ಹಾಗಿರತ್ತೆ, ಇದಕ್ಕೆ ಫುಲ್ ಮಾರ್ಕ್ಸ್, ಡಯಟ್ ಇಲ್ದೇ ಇರೋರೂ ತಿಂದ್ರು.

ಕೀಟೋ ಹಿಟ್ಟಿಗೆ ಮಾತ್ರ ಸೊನ್ನೆ. ಬ್ರ್ಯಾಂಡ್ ಹೆಸ್ರು ಬೇಡ, ಪ್ಯಾಕೆಟ್ ಮುಂದೆ ದೊಡ್ಡಕ್ಷರದಲ್ಲಿ ರೊಟ್ಟಿಗೆ ಇಷ್ಟೇ ನೆಟ್ ಕಾರ್ಬ್ ಅಂತ ಇತ್ತು, ಹಿಂದೆ ತಿರುಗಿಸಿ ನೋಡಿದ್ರೆ ಅವ್ರ ಲೆಕ್ಕದ ರೊಟ್ಟಿ ನಮ್ ಅಂಗೈಗಿಂತ ಚಿಕ್ಕದು. ನೆಟ್ ಕಾರ್ಬ್ ಅಂದ್ರೆ ಒಟ್ಟು ಕಾರ್ಬ್‌ನಲ್ಲಿ ನಾರಿನಂಶ ಕಳೆದು ಉಳಿಯೋದು, ಹಾಗಾಗಿ ಬರೀ ನಾರೇ ಇರೋ ಇಸಬ್ಗೋಲ್ ಜಾಸ್ತಿ ತುಂಬಿದ್ರೆ ನಂಬರ್ ತಾನಾಗೇ ಚೆನ್ನಾಗಿ ಕಾಣತ್ತೆ. ಕಲಸಿದ್ರೆ ಕೈಗೆ ಲೋಳೆ ಲೋಳೆ, ಲಟ್ಟಿಸಿದ್ರೆ ರಬ್ಬರ್ ಥರ ವಾಪಸ್ ಬರತ್ತೆ, ಬೆಲೆ ಕೇಳಿದ್ರೆ ಆ ದುಡ್ಡಿಗೆ ತಿಂಗಳ ಗೋಧಿ ಹಿಟ್ಟು ಬರ್ತಿತ್ತು. ತಗೋಬೇಡಿ.

ಮೊದಲ ವಾರ ಎರಡ್ಮೂರು ಕೆಜಿ ಇಳಿದಾಗ ನಮ್ಮನೆಯವ್ರು ತೂಕದ ಮಷೀನ್ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಅದು ಜಾಸ್ತಿ ನೀರು ಮಾರಾಯ್ರೆ. ಲಿವರ್, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆ ಸ್ಟಾಕ್ ಇರತ್ತೆ, ಒಂದೊಂದು ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ ನೀರು ಅಂಟ್ಕೊಂಡಿರತ್ತೆ, ಕಾರ್ಬ್ ನಿಲ್ಲಿಸಿದ್ರೆ ಆ ಸ್ಟಾಕ್ ಖಾಲಿಯಾಗಿ ನೀರೂ ಹೋಗತ್ತೆ, ಜೊತೆಗೆ ಉಪ್ಪಿನಂಶಾನೂ. ತಲೆನೋವು, ಸುಸ್ತು, ಕೀಟೋ ಫ್ಲೂ ಅಂತಾರಲ್ಲ, ಅದಕ್ಕೆ ದೊಡ್ಡ ಕಾರಣ ಇದೇ. ಒಂದ್ ಮದುವೇಲಿ ಹೊಟ್ಟೆ ತುಂಬ ಊಟ ಮಾಡಿ ಬಂದ್ರೆ ಮಷೀನ್ ಮತ್ತೆ ಮೇಲೆ ಹೋಗೋದೂ ಇದ್ರಿಂದಾನೇ, ಗಾಬರಿ ಬೇಡ, ಖುಷೀನೂ ಬೇಡ.

ವಿಆರ್‌ಕೆ ಗೊತ್ತಿಲ್ದೇ ಇರೋರಿಗೆ, ಆಂಧ್ರದ ವೀರಮಾಚನೇನಿ ರಾಮಕೃಷ್ಣ ಅನ್ನೋರು ಹೇಳ್ಕೊಟ್ಟಿದ್ದು, ತೆಲುಗು ವಿಡಿಯೋಗಳಿಂದ ಗಡಿ ದಾಟಿ ಬಳ್ಳಾರಿ ಕಡೆಗೂ ಬಂತು. ಇದು ಕೀಟೋದ ಅಣ್ಣನೇ, ಆದ್ರೆ ನಮ್ ಕಡೆ ಸಾಮಾನಲ್ಲಿ: ದಿನಕ್ಕೆ 70 ಗ್ರಾಂ ಮೇಲೆ ಕೊಬ್ಬು, ಅದ್ರಲ್ಲಿ ಕೊಬ್ಬರಿ ಎಣ್ಣೆ ಮುಖ್ಯ, ಮೂರು ನಿಂಬೆಹಣ್ಣು, ನಾಲ್ಕು ಲೀಟರ್ ನೀರು, ಮಲ್ಟಿವಿಟಮಿನ್ ಮಾತ್ರೆ. ಬೆಣ್ಣೆಹಣ್ಣು, ಚೀಸ್ ಅಂತ ಹುಡುಕೋದು ಬೇಡ, ಅದಕ್ಕೆ ಒಂದು ಪಾಯಿಂಟ್ ಜಾಸ್ತಿ. ಆದ್ರೆ ನಮ್ಮಣ್ಣ ಬೆಳಿಗ್ಗೆ ಎದ್ದು ಮೂಗು ಮುಚ್ಕೊಂಡು ಎಣ್ಣೆ ಕುಡಿದು ಮೇಲೆ ನಿಂಬೆ ಹೋಳು ಚೀಪೋದು ನೋಡಿದ್ಮೇಲೆ ನಂಗೆ ಅದ್ರ ಆಸೆ ಹೋಯ್ತು. ತೂಕ ಮಾತ್ರ ಎಲ್ರಿಗಿಂತ ಬೇಗ ಇಳಿದಿದ್ದು ಅವನದ್ದೇ, ಮಾಮೂಲಿ ಊಟ ಶುರು ಮಾಡಿದ್ಮೇಲೆ ಮೊದ್ಲಿನ ಜಾಗಕ್ಕೆ ಬೇಗ ಬಂದಿದ್ದೂ ಅವನದ್ದೇ.

ಅಟ್ಕಿನ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನ್ಯೂಯಾರ್ಕಿನ ರಾಬರ್ಟ್ ಅಟ್ಕಿನ್ಸ್ 1972ರಲ್ಲಿ ಪುಸ್ತಕ ಬರೆದ್ಮೇಲೆ ಹೆಸರಾಗಿದ್ದು. ಮೊದಲ ಎರಡು ವಾರ ದಿನಕ್ಕೆ 20 ಗ್ರಾಂ ಕಾರ್ಬ್, ಆಮೇಲೆ ವಾರಕ್ಕೆ ಐದೈದು ಗ್ರಾಂ ಏರಿಸ್ತಾ ನಿಮ್ ಮೈಗೆ ಎಷ್ಟು ಹಿಡಿಸತ್ತೆ ಅಂತ ನೋಡೋದು. ಆ ಏರಿಸೋ ಐಡಿಯಾ ಚೆನ್ನಾಗಿದೆ, ಕೀಟೋದಲ್ಲಿ ಇರೋ ಥರ ಸದಾ ಒಂದೇ ಕಂಬಕ್ಕೆ ಕಟ್ಟಿಹಾಕಲ್ಲ. ಅಮೆರಿಕದಲ್ಲಿ 2003ರ ಹೊತ್ತಿಗೆ ಇದ್ರ ಹುಚ್ಚು ಎಷ್ಟಿತ್ತೋ, 2005ರಲ್ಲಿ ಅಟ್ಕಿನ್ಸ್ ಶುರು ಮಾಡಿದ್ದ ಕಂಪನಿ ದಿವಾಳಿ ಅರ್ಜಿ ಹಾಕ್ತು, ಆಮೇಲೆ ಮತ್ತೆ ಎದ್ದು ನಿಂತಿದೆ. ದಿನಾ ನಾನ್‌ವೆಜ್ ತಿನ್ನೋರಿಗೆ ಓಕೆ.

ನಂಗೆ ಹಿಡಿಸಿದ್ದು ಸೌತ್ ಬೀಚ್. ಮಯಾಮಿಯ ಹಾರ್ಟ್ ಡಾಕ್ಟ್ರು ಆರ್ಥರ್ ಅಗಾಟ್‌ಸ್ಟನ್ ಅವ್ರದ್ದು, ಪುಸ್ತಕ ಬಂದಿದ್ದು 2003ರಲ್ಲಿ. ಹಾರ್ಟ್ ಸಿಟಿ ಸ್ಕ್ಯಾನ್ ಮಾಡ್ಸಿದೋರ ರಿಪೋರ್ಟಲ್ಲಿ ರಕ್ತನಾಳದಲ್ಲಿ ಕ್ಯಾಲ್ಸಿಯಂ ಎಷ್ಟು ಕೂತಿದೆ ಅಂತ ಹೇಳೋ ಅಗಾಟ್‌ಸ್ಟನ್ ಸ್ಕೋರ್ ಅಂತ ಬರತ್ತಲ್ಲ, ಅದೇ ಮನುಷ್ಯ. ಮೊದಲ ಎರಡು ವಾರ ಅನ್ನ, ಚಪಾತಿ, ಸಕ್ಕರೆ, ಹಣ್ಣು ಇಲ್ಲ, ಆಮೇಲೆ ಇಡಿಧಾನ್ಯ, ಹಣ್ಣು ನಿಧಾನಕ್ಕೆ ವಾಪಸ್. ಗ್ರಾಂ ಲೆಕ್ಕ ಇಲ್ಲ, ಬೆಣ್ಣೆ ಸುರಿಯೋದೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಮೊದಲ ದಿನದಿಂದಾನೇ ಕಾಳುಗಳಿಗೆ ಪರ್ಮಿಷನ್ ಇದೆ. ಕಾಳು ಇದೆ ಅಂದ್ರೆ ನಮ್ಮ ಮಂಡ್ಯ ಮೈಸೂರು ಕಡೆ ಅಡುಗೆ ಅರ್ಧ ಗೆದ್ದ ಹಾಗೆ.

ಬಸ್ಸಾರು ತಗೊಳ್ಳಿ. ಹಲಸಂದೆ ಕಾಳು, ದಂಟು ಸೊಪ್ಪು ಬೇಯಿಸಿ ಕಟ್ಟು ಬಸಿದು, ಆ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಹುಣಸೆ ರುಬ್ಬಿ ಹಾಕಿ ಸಾರು, ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಒಂದೇ ಅಡುಗೆ. ನಮ್ಮತ್ತೆಗೆ ಪೂರ್ತಿ ಮುದ್ದೆ, ನಂಗೆ ತಟ್ಟೆ ತುಂಬ ಪಲ್ಯ, ಬಟ್ಟಲಲ್ಲಿ ಸಾರು, ಎರಡು ವಾರ ಆದ್ಮೇಲೆ ನಿಂಬೆಹಣ್ಣಿನಷ್ಟು ಮುದ್ದೆ. ಬರೀ ಪಲ್ಯ ತಿಂದ್ರೆ ಅದೂ ಒಂದು ಊಟಾನಾ ಕಣಮ್ಮ ಅಂತ ನಮ್ಮತ್ತೆ ಅಂದಿದ್ದು ನಿಜ, ಆದ್ರೆ ಅವ್ರ ಅಡುಗೆ ಬೇರೆ ಆಗ್ಲಿಲ್ಲ, ಹಾಗಾಗಿ ಜಗಳಾನೂ ಆಗ್ಲಿಲ್ಲ. ಇಳಿಕೆ ಮಾತ್ರ ನಿಧಾನ, ಕೀಟೋದವ್ರ ಪಕ್ಕ ನಿಂತ್ಕೊಂಡ್ರೆ ಬೇಜಾರಾಗತ್ತೆ, ಇನ್ನೊಂದು ತೊಂದ್ರೆ ಅಂದ್ರೆ ಕಾಳಿನ ಗ್ಯಾಸು.

ಬೇಗ ನಿಧಾನ ಅನ್ನೋದ್ರ ಬಗ್ಗೆ ಸ್ಟಾನ್‌ಫೋರ್ಡ್‌ನವ್ರು 2018ರಲ್ಲಿ ಒಂದು ಸ್ಟಡಿ ಹೊರಗ್ ತಂದ್ರು, 609 ಜನ, ಒಂದು ವರ್ಷ. ಅರ್ಧ ಜನಕ್ಕೆ ಲೋ ಕಾರ್ಬ್, ಅರ್ಧ ಜನಕ್ಕೆ ಲೋ ಫ್ಯಾಟ್, ಇಬ್ರಿಗೂ ಸಕ್ಕರೆ, ಮೈದಾ ಬಿಡಿ, ತರಕಾರಿ ಜಾಸ್ತಿ ತಿನ್ನಿ ಅಂದಿದ್ರು. ಲೋ ಕಾರ್ಬ್‌ನವ್ರು ಸರಾಸರಿ 6 ಕೆಜಿ, ಲೋ ಫ್ಯಾಟ್‌ನವ್ರು 5.3 ಕೆಜಿ ಇಳಿದ್ರು, ಅದೊಂದು ವ್ಯತ್ಯಾಸಾನೇ ಅಲ್ಲ ಅಂತ ಅವ್ರೇ ಬರೆದಿದಾರೆ. ಆದ್ರೆ ಎರಡೂ ಗುಂಪಲ್ಲಿ ಕೆಲವ್ರು ಇಪ್ಪತ್ತು ಕೆಜಿಗೂ ಮೇಲೆ ಇಳಿದಿದಾರೆ, ಕೆಲವ್ರು ಇದ್ದಿದ್ದಕ್ಕಿಂತ ದಪ್ಪ ಆಗಿದಾರೆ! ಇನ್ನು ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸರ್ವೇ ಪ್ರಕಾರ ಭಾರತೀಯರ ಕ್ಯಾಲೊರಿಲಿ ಸುಮಾರು 62% ಕಾರ್ಬೇ, ಅದೂ ಜಾಸ್ತಿ ಬಿಳಿ ಅಕ್ಕಿ, ಹಿಟ್ಟು, ಸಕ್ಕರೆ. ಅಂದ್ರೆ 20 ಗ್ರಾಂಗೆ ಹೋಗ್ದೇ ಬರೀ ಎರಡನೇ ಸಲ ಅನ್ನ ಹಾಕಿಸ್ಕೊಳ್ಳೋದು, ಸಕ್ಕರೆ ಹಾಕಿದ ಕಾಫಿ, ಸಂಜೆ ಬಿಸ್ಕೆಟ್ ನಿಲ್ಲಿಸಿದ್ರೂ ನಮ್ಮಂಥೋರಿಗೆ ದೊಡ್ಡ ಇಳಿಕೆ.

ಒಂದು ವಿಷಯ ಮಾತ್ರ ತಮಾಷೆ ಇಲ್ಲ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಡೋಸ್ ಹಾಗೇ ಇಟ್ಕೊಂಡು ಅನ್ನ ನಿಲ್ಲಿಸಿದ್ರೆ ಶುಗರ್ ದಿಢೀರ್ ಇಳಿದು ಬೀಳ್ಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ಇದ್ರಂತೂ ಕೀಟೋ ಕಡೆ ಹೋಗ್ಲೇಬೇಡಿ, ಶುಗರ್ ನಾರ್ಮಲ್ ತೋರಿಸ್ತಿದ್ರೂ ಕೀಟೋಅಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಸಿಡ್ ಆಗೋದು) ಆಗ್ಬಹುದು, ಅದು ಐಸಿಯು ಕೇಸು. ಬಿಪಿ ಮಾತ್ರೆ, ಕಿಡ್ನಿ ತೊಂದ್ರೆ, ಬಸುರಿ ಬಾಣಂತಿ ಇದ್ರೂ ಡಾಕ್ಟ್ರನ್ನ ಕೇಳ್ದೇ ಬೇಡ. ಶುರು ಮಾಡೋಕೆ ಮುಂಚೆ ಒಂದ್ಸಲ, ಮೂರು ತಿಂಗ್ಳಿಗೆ ಇನ್ನೊಂದ್ಸಲ ಲಿಪಿಡ್ ಪ್ರೊಫೈಲ್ (ರಕ್ತದಲ್ಲಿರೋ ಕೊಬ್ಬಿನ ಟೆಸ್ಟ್) ಮಾಡ್ಸಿ. ನಮ್ಮನೆಯವ್ರಿಗೆ ಟ್ರೈಗ್ಲಿಸರೈಡ್ ಚೆನ್ನಾಗಿ ಇಳೀತು, ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ ಆ ಎಲ್‌ಡಿಎಲ್ ಏರಿ ಕೂತಿತ್ತು, ಡಾಕ್ಟ್ರು ಬೆಣ್ಣೆ ನಿಲ್ಲಿಸಿ ಅಂದ್ರು, ಬೆಣ್ಣೆ ಇಲ್ದಿದ್ರೆ ಕೀಟೋ ಎಲ್ಲಿಂದ, ಅಲ್ಲಿಗೆ ಅವ್ರೂ ಬಸ್ಸಾರಿಗೆ ಬಂದ್ರು.

ಹೊರಗೆ ತಿನ್ನೋರಿಗೆ: ದರ್ಶಿನಿಗಳಲ್ಲಿ ಈ ನಾಲ್ಕರಲ್ಲಿ ಯಾವ್ದೂ ನಡೆಯಲ್ಲ, ಇಡ್ಲಿ, ದೋಸೆ, ಬಾತ್, ಪೂರಿ ಎಲ್ಲಾ ಅಕ್ಕಿ, ರವೆ, ಹಿಟ್ಟೇ, ಕೋಸಂಬರಿ ಇದ್ದ ದಿನ ಅದೃಷ್ಟ. ಮಿಲಿಟರಿ ಹೋಟೆಲ್ ಬೆಸ್ಟ್, ಚಾಪ್ಸ್, ಕೈಮಾ, ಬೇಯಿಸಿದ ಮೊಟ್ಟೆ ಸಾಕು, ಮುದ್ದೆ ಬೇಡ ಅಂದ್ರೆ ಸಪ್ಲೈಯರ್ ಇನ್ನೊಂದ್ಸಲ ಕೇಳ್ತಾನೆ, ಆಗ್ಲೂ ಬೇಡ ಅನ್ನಿ.