ಸ್ಪಿಟ್‌ಫೈರ್ ಬ್ರೇಕ್ ಸಾಮಾನು: ಯಾವುದು ಇಂಗ್ಲೆಂಡಿನಿಂದ, ಯಾವುದು ಗೋಣಿಕೊಪ್ಪಲಿನಲ್ಲೇ

ಹಳೆ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡು ಕೊಡಗಿನಲ್ಲಿ ಓಡಿಸುವವರಿಗೆ ಎಂಜಿನ್‌ಗಿಂತ ಮೊದಲು ಬ್ರೇಕ್ ಸರಿ ಇರಬೇಕು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗಲೋ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯುವಾಗಲೋ ಎಂಜಿನ್ ಕೈಕೊಟ್ಟರೆ ಬದಿಗೆ ನಿಲ್ಲಿಸಬಹುದು. ಬ್ರೇಕ್ ಕೈಕೊಟ್ಟರೆ ನಿಲ್ಲಿಸುವ ಮಾತೇ ಇಲ್ಲ ಅಲ್ವಾ?

ನಮ್ಮದು ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3. 1967ರಿಂದ 1970ರವರೆಗೆ ಬಂದ ಮಾಡೆಲ್, 1296 ಸಿಸಿ ಎಂಜಿನ್. ಮುಂದೆ ಡಿಸ್ಕ್, ಹಿಂದೆ 7 ಇಂಚಿನ ಡ್ರಮ್, ಎಲ್ಲವೂ ಗರ್ಲಿಂಗ್ ಅನ್ನುವ ಬ್ರೇಕ್ ಕಂಪನಿಯದು. ನಮ್ಮ ಕಾರಿನಲ್ಲಿರುವುದು ಒಂದೇ ಸರ್ಕ್ಯೂಟ್. ಅಂದರೆ ಯಾವುದೋ ಒಂದು ಚಕ್ರದಲ್ಲಿ ಆಯಿಲ್ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಇದೊಂದು ಕಾರಣಕ್ಕೇ ನಾನು ಬ್ರೇಕ್ ವಿಷಯದಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ.

ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದೆ. ಎಲ್ಲರೂ ಅಲ್ಲಿಗೇ ಹೋಗಿ ಅನ್ನುತ್ತಾರೆ. ಅಂಬಾಸಿಡರ್, ಪದ್ಮಿನಿ, ಹಳೆ ಜೀಪಿನ ಸಾಮಾನಿಗೆ ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಆದರೆ ಸ್ಪಿಟ್‌ಫೈರ್ ಅಂದರೆ ಅಂಗಡಿಯವರಿಗೆ ಕಾರೇ ನೆನಪಿಗೆ ಬರುವುದಿಲ್ಲ, ಹೆರಾಲ್ಡ್ ಅಂದರೆ ಬರುತ್ತದೆ. ಅದೂ ಒಂದು ದಾರಿಯೇ. ಸ್ಪಿಟ್‌ಫೈರ್ ಹುಟ್ಟಿದ್ದು ಟ್ರಯಂಫ್ ಹೆರಾಲ್ಡ್‌ನ ಚಾಸಿ, ಸಸ್ಪೆನ್ಷನ್ ಇಟ್ಟುಕೊಂಡು, ಮತ್ತು ಅದೇ ಹೆರಾಲ್ಡ್ ನಮ್ಮಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಮದ್ರಾಸ್ ಹತ್ತಿರ ತಯಾರಾಗುತ್ತಿತ್ತು. ಹಿಂದಿನ ಡ್ರಮ್ ಎರಡಕ್ಕೂ 7 ಇಂಚು. ಹಾಗಾಗಿ ಹೆರಾಲ್ಡ್‌ನ ಹಳೆ ಸ್ಟಾಕ್ ಡ್ರಮ್ಮೋ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂವೋ ಸಿಕ್ಕರೆ ತೆಗೆದುಕೊಳ್ಳಿ. ಮುಂದಿನ ಬ್ರೇಕ್‌ಗೆ ಮಾತ್ರ ಇದರಿಂದ ಪ್ರಯೋಜನ ಇಲ್ಲ, ಇಲ್ಲಿ ಓಡಾಡಿದ ಹೆರಾಲ್ಡ್‌ಗಳಿಗೆ ಮುಂದೆಯೂ ಡ್ರಮ್ಮೇ.

ಅಲ್ಲೊಂದು ಅಂಗಡಿಯಲ್ಲಿ ಬೇರೆ ಯಾವುದೋ ಕಾರಿನ ಹೋಸ್ ಪೈಪ್ ತೋರಿಸಿ "ಇದೇ ಹಾಕಿ ಸಾರ್, ಅಡ್ಜಸ್ಟ್ ಆಗುತ್ತೆ" ಅಂದರು. ಬ್ರೇಕ್‌ನಲ್ಲಿ ಅಡ್ಜಸ್ಟ್ ಆಗುತ್ತೆ ಅನ್ನುವ ಮಾತು ಕೇಳಿದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಹೊರಗೆ ಬನ್ನಿ. ಯಾಕೆ ಅಂತ ಹೇಳುತ್ತೇನೆ. ಈ ಕಾರಿನ ಬ್ರೇಕ್ ಪೈಪಿನ ನಟ್ಟು ಇಂಚಿನ ಲೆಕ್ಕದ್ದು, 3/8 ಯುಎನ್‌ಎಫ್ ಅನ್ನುವ ಸಣ್ಣ ಥ್ರೆಡ್ಡಿನ ಅಳತೆ, ಇಂಚಿಗೆ 24 ಥ್ರೆಡ್. ಈಗಿನ ಕಾರುಗಳದ್ದು ಮೆಟ್ರಿಕ್, 10 ಮಿಮೀ. 3/8 ಇಂಚು ಅಂದರೆ 9.5 ಮಿಮೀ ಚಿಲ್ಲರೆ. ಹಾಗಾಗಿ ಇಂಚಿನ ನಟ್ಟು ಮೆಟ್ರಿಕ್ ತೂತಿನೊಳಗೆ ಸಲೀಸಾಗಿ ಹೋಗಿ ಕೂರುತ್ತದೆ, ಸ್ವಲ್ಪ ಬಿಗಿಯೂ ಆದ ಹಾಗೆ ಅನಿಸುತ್ತದೆ, ಆದರೆ ಜೋರಾಗಿ ಪೆಡಲ್ ಒತ್ತಿದ ದಿನ ಥ್ರೆಡ್ ಕಿತ್ತುಕೊಂಡು ಬರಬಹುದು. ದೊಡ್ಡ ಕ್ಯಾಲಿಪರ್ (ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಭಾಗ) ಹಾಕಿಸಬೇಕು ಅಂತ ಇರುವವರೂ ಇದನ್ನು ಗಮನಿಸಿ: ಗರ್ಲಿಂಗ್‌ನಲ್ಲೇ 16ಪಿ ಅನ್ನುವ ಕ್ಯಾಲಿಪರ್ ಇಂಚಿನದ್ದು, 16ಪಿಬಿ ಮೆಟ್ರಿಕ್, ನೋಡಲು ಎರಡೂ ಒಂದೇ ಥರ ಇರುತ್ತವೆ.

ಕೊನೆಗೆ ನಾನು ಆರ್ಡರ್ ಮಾಡಿದ್ದು ಇಂಗ್ಲೆಂಡಿನ ಲಿಂಕನ್‌ನಲ್ಲಿರುವ ರಿಮ್ಮರ್ ಬ್ರದರ್ಸ್‌ನಿಂದ. ಟ್ರಯಂಫ್, ಎಂಜಿ, ರೋವರ್ ಸಾಮಾನಿಗೆ ಹೆಸರಾದ ಅಂಗಡಿ. ನನಗೆ ತುಂಬ ಇಷ್ಟವಾಗಿದ್ದು ಅವರ ಚಿತ್ರಗಳು. ಬ್ರೇಕ್‌ನ ಒಂದೊಂದು ಭಾಗವನ್ನೂ ಬಿಡಿಸಿಟ್ಟ ಹಾಗೆ ಬರೆದು, ಪಕ್ಕದಲ್ಲಿ ಪಾರ್ಟ್ ನಂಬರ್ ಕೊಟ್ಟಿರುತ್ತಾರೆ. ಯಾವ ಚಾಸಿ ನಂಬರಿನಿಂದ ಯಾವ ಭಾಗ ಬದಲಾಯಿತು ಅಂತಲೂ ನೋಡಬಹುದು. ಹಾಗಾಗಿ ಆರ್ಡರ್ ಮಾಡುವ ಮೊದಲು ಬಾನೆಟ್ ಎತ್ತಿ ಕಮಿಷನ್ ಪ್ಲೇಟ್ (ಚಾಸಿ ನಂಬರ್ ಇರುವ ತಗಡು) ಒರೆಸಿ ನಂಬರ್ ಬರೆದುಕೊಳ್ಳಿ. ಮಾರ್ಕ್ 3 ಆದರೆ ಎಫ್‌ಡಿ ಅಂತ ಶುರುವಾಗುತ್ತದೆ. ಆರ್‌ಸಿ ಪುಸ್ತಕದಲ್ಲಿರುವ ವರ್ಷವನ್ನು ನಂಬಬೇಡಿ. ಅದು ಇಲ್ಲಿ ರಿಜಿಸ್ಟ್ರೇಷನ್ ಆದ ವರ್ಷವೂ ಆಗಿರಬಹುದು.

ಬೆಲೆ? ಸಾಮಾನಿನ ಬೆಲೆ ನಿಜಕ್ಕೂ ಜಾಸ್ತಿ ಅಲ್ಲ. ದೇಶದಿಂದ ಹೊರಗೆ ಹೋಗುವ ಸಾಮಾನಿಗೆ ಅಲ್ಲಿನ 20% ವ್ಯಾಟ್ ಇಲ್ಲ. ಜೇಬಿಗೆ ಕತ್ತರಿ ಬೀಳುವುದು ಕೊರಿಯರ್‌ನಲ್ಲಿ, ಆಮೇಲೆ ಕಸ್ಟಮ್ಸ್‌ನಲ್ಲಿ. ಸುಂಕ, ಜಿಎಸ್‌ಟಿ ಬೀಳುವುದು ಸಾಮಾನಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಖರ್ಚು ಸೇರಿಸಿದ ಮೊತ್ತಕ್ಕೆ. ಅಂದರೆ ತೂಕದ ಸಾಮಾನು ತರಿಸಿದಷ್ಟೂ ಎರಡು ಕಡೆ ಕೊಡಬೇಕು. ಕೊರಿಯರ್‌ನವರು ಕೆವೈಸಿ ಕೇಳುತ್ತಾರೆ, ಅದನ್ನು ಮೊದಲೇ ಮುಗಿಸಿಟ್ಟರೆ ಡಬ್ಬ ಸುಮ್ನೆ ಗೋಡೌನ್‌ನಲ್ಲಿ ಕೂರುವುದಿಲ್ಲ.

ಅದಕ್ಕೇ ನನ್ನ ಲೆಕ್ಕ ಇಷ್ಟೇ. ಆಯಿಲ್ ಪ್ರೆಶರ್ ತಡೆಯಬೇಕಾದದ್ದು ಹೊಸದು, ಹೊರಗಿನದು. ಬರೀ ಕಬ್ಬಿಣ ಆಗಿರುವುದು ಇಲ್ಲೇ ರಿಪೇರಿ.

ಹಾಗಾಗಿ ತರಿಸಿದ್ದು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಕಿಟ್, ಕ್ಯಾಲಿಪರ್ ಸೀಲ್, ಪಿಸ್ಟನ್, ಹಿಂದಿನ ವೀಲ್ ಸಿಲಿಂಡರ್, ಡಿಸ್ಕ್ ಪ್ಯಾಡ್, ಹೋಸ್ ಪೈಪ್. ಪಿಸ್ಟನ್ ಸ್ಟೇನ್‌ಲೆಸ್ ಸ್ಟೀಲಿನದ್ದೇ ತೆಗೆದುಕೊಂಡೆ. ನಮ್ಮ ಮಳೆಗಾಲದಲ್ಲಿ ಕ್ರೋಮ್ ಎದ್ದು ಹೋಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೋಸ್ ಪೈಪ್ ನಾಲ್ಕು ಬೇಕು, ಹಿಂದಿನ ಚಕ್ರಗಳಿಗೂ ಬೇರೆ ಬೇರೆ. ಹಳೆ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ನಂಬಬೇಡಿ. ಒಳಗೆ ರಬ್ಬರ್ ಊದಿಕೊಂಡರೆ ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ, ಚಕ್ರ ಕಾಯುತ್ತದೆ.

ಹಿಂದಿನ ವೀಲ್ ಸಿಲಿಂಡರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ಕಾರಿನಲ್ಲಿ ಅದು ಬ್ಯಾಕ್ ಪ್ಲೇಟಿಗೆ, ಅಂದರೆ ಡ್ರಮ್ಮಿನ ಹಿಂದಿನ ತಗಡಿಗೆ, ಗಟ್ಟಿಯಾಗಿ ಬೋಲ್ಟ್ ಆಗಿರುವುದಿಲ್ಲ. ಒಂದು ಸೀಳಿನಲ್ಲಿ ಹಿಂದೆ ಮುಂದೆ ಜಾರಬೇಕು. ಪಿಸ್ಟನ್ ಒಂದೇ. ಅದು ಒಂದು ಶೂ ತಳ್ಳಿದರೆ ಸಿಲಿಂಡರ್ ತಾನೇ ಹಿಂದಕ್ಕೆ ಜಾರಿ ಇನ್ನೊಂದು ಶೂ ತಳ್ಳುತ್ತದೆ. ತೋಟದ ದಾರಿಯ ಕೆಸರು, ಜೂನ್‌ನಿಂದ ಬಿಡದೆ ಹೊಡೆಯುವ ಮಳೆ, ಎರಡೂ ಸೇರಿ ಆ ಸೀಳು ತುಕ್ಕು ಹಿಡಿದರೆ ಒಂದೇ ಶೂ ಕೆಲಸ ಮಾಡುತ್ತದೆ, ಹ್ಯಾಂಡ್ ಬ್ರೇಕ್ ಕೂಡ ಹಿಡಿಯುವುದಿಲ್ಲ. ಎಷ್ಟೋ ಮೆಕ್ಯಾನಿಕ್‌ಗಳು ಅದು ಅಲುಗಾಡುವುದನ್ನು ನೋಡಿ ಲೂಸ್ ಆಗಿದೆ ಅಂತ ಬಿಗಿ ಮಾಡಲು ಹೋಗುತ್ತಾರೆ. ದಯವಿಟ್ಟು ಬಿಗಿ ಮಾಡಲು ಬಿಡಬೇಡಿ. ಸೀಳನ್ನು ಚೆನ್ನಾಗಿ ಉಜ್ಜಿ, ಬ್ರೇಕ್ ಗ್ರೀಸ್ ತೆಳ್ಳಗೆ ಹಚ್ಚಿ, ಕೈಯಲ್ಲಿ ತಳ್ಳಿದರೆ ಜಾರಬೇಕು.

ಡ್ರಮ್ ಕೆಲಸ ಗೋಣಿಕೊಪ್ಪಲಿನ ಲೇತ್‌ನಲ್ಲಿ ಆಯಿತು. ಅಂಗಡಿಯವರು ಮುಖ್ಯವಾಗಿ ಕಾಫಿ ಪಲ್ಪರ್, ಸ್ಪ್ರೇಯರ್, ಜೀಪಿನ ಕೆಲಸ ಮಾಡುವವರು. ಡ್ರಮ್ ಕಟ್ಟಿ ಡಯಲ್ ಇಟ್ಟು ತಿರುಗಿಸಿ ನೋಡಿ, "ಅಣ್ಣ, ಇಷ್ಟೇ ತೆಗೆದರೆ ಸಾಕು, ಜಾಸ್ತಿ ತೆಗೆದರೆ ಡ್ರಮ್ ತೆಳ್ಳಗಾಗುತ್ತದೆ" ಅಂದರು. ಕೇಳಿದ್ದಕ್ಕಿಂತ ಕಡಿಮೆ ಲೋಹ ತೆಗೆಯುವ ಲೇತ್‌ನವರು ಸಿಗುವುದು ಪುಣ್ಯ. ಕೆಲಸ ಅಚ್ಚುಕಟ್ಟು, ಕೂಲಿ ನ್ಯಾಯ. ಡಿಸ್ಕ್ ಕೂಡ ಅಲ್ಲೇ ಎರಡೂ ಬದಿ ಸಮವಾಗಿ ಹಿಡಿಸಿದೆ. ಕಾಫಿ ಕೊಯ್ಲಿನ ಸಮಯದಲ್ಲಿ ಮಾತ್ರ ಹೋಗಬೇಡಿ, ಪಲ್ಪರ್ ಕೆಲಸದ ಮಧ್ಯೆ ಅವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ.

ಶೂಗೆ ಲೈನಿಂಗ್ ಮೈಸೂರಿನಲ್ಲಿ ಹಾಕಿಸಿದೆ. ಚೆನ್ನಾಗಿ ಬಂದಿದೆ, ಮೊದಲ ಸಲ ಕೂರಲು ಸ್ವಲ್ಪ ಓಡಿಸಬೇಕಾಯಿತು ಅಷ್ಟೇ. ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಆದ್ದರಿಂದ ಡ್ರಮ್ ಬಿಚ್ಚಿದಾಗ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಕವರಿನಲ್ಲಿ ಕಟ್ಟಿಬಿಡಿ. ಈ ಮಾತನ್ನು ಗ್ಯಾರೇಜ್ ಹುಡುಗರಿಗೂ ಹೇಳಿ, ಧೂಳು ಕುಡಿಯುವವರು ಅವರೇ.

ಇನ್ನೊಂದು ಗ್ಯಾರೇಜಿನಲ್ಲಿ ಹೊಸ ಸೀಲನ್ನು ಪೆಟ್ರೋಲಿನಲ್ಲಿ ತೊಳೆಯಲು ಹೊರಟಿದ್ದರು, ತಡೆದೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದು ತಗುಲಿದರೂ ಬ್ರೇಕ್ ರಬ್ಬರ್ ಊದಿಕೊಳ್ಳುತ್ತದೆ. ತೊಳೆಯಬೇಕು ಅಂದರೆ ಹೊಸ ಬ್ರೇಕ್ ಆಯಿಲ್‌ನಲ್ಲೇ.

ಆಯಿಲ್ ಹಾಕಿದ್ದು ಡಾಟ್ 4 ಅನ್ನುವ ದರ್ಜೆಯದು, ಟಿವಿಎಸ್ ಗರ್ಲಿಂಗ್‌ದು. ಇದು ಇಲ್ಲೇ ಸಿಗುತ್ತದೆ, ಹೊರಗಿನಿಂದ ತರಿಸುವ ಅಗತ್ಯವೇ ಇಲ್ಲ. ಈ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕೊಡಗಿನ ತೇವದಲ್ಲಿ ನಿಂತ ಕಾರು, ಮೇಲೆ ಉದ್ದ ಇಳಿಜಾರು, ಯೋಚನೆ ಮಾಡಿ. ನಾನು ಪ್ರತಿ ವರ್ಷ ಮಳೆ ನಿಂತ ಮೇಲೆ ಪೂರ್ತಿ ಬದಲಾಯಿಸುತ್ತೇನೆ. ಪೇಂಟಿನ ಮೇಲೆ ಬೀಳಿಸಬೇಡಿ, ಎಬ್ಬಿಸಿಬಿಡುತ್ತದೆ.

ಈಗ ಪೆಡಲ್ ಗಟ್ಟಿಯಾಗಿದೆ, ಕಾರು ಯಾವ ಕಡೆಗೂ ಎಳೆಯುವುದಿಲ್ಲ. ಸಂಪಾಜೆ ಇಳಿದು ಹತ್ತಿ ನೋಡಿದ್ದಾಯಿತು. ರಿಮ್ಮರ್‌ನವರಿಂದ ಮತ್ತೆ ತರಿಸುತ್ತೇನೆ, ಆದರೆ ಹಗುರ ಸಾಮಾನು ಮಾತ್ರ, ಅದೂ ಬೇಕಾದ್ದೆಲ್ಲ ಒಂದೇ ಡಬ್ಬದಲ್ಲಿ. ಲೇತ್‌ಗೆ ಕಣ್ಣು ಮುಚ್ಚಿ ಹೋಗಬಹುದು.

ಇನ್ನೊಂದು ಮಾತು, ಹಳೆ ಹೆರಾಲ್ಡ್ ಶೆಡ್ಡಿನಲ್ಲಿ ಬಿದ್ದಿರುವ ಮನೆಗಳು ಇನ್ನೂ ನಮ್ಮಲ್ಲಿ ಇವೆ. ಅದನ್ನು ಗುಜರಿಗೆ ತೂಕಕ್ಕೆ ಹಾಕುವ ಮೊದಲು ಹಿಂದಿನ ಡ್ರಮ್, ಬ್ಯಾಕ್ ಪ್ಲೇಟ್, ಶೂ ಬಿಚ್ಚಿ ತೆಗೆದಿಡಿ. ಅಷ್ಟು ತೂಕದ್ದನ್ನು ಇಂಗ್ಲೆಂಡಿನಿಂದ ತರಿಸಲು ಎಷ್ಟಾಗುತ್ತದೆ ಅಂತ ನನಗೆ ಗೊತ್ತು, ನ್ಯಾಯವಾದ ಬೆಲೆ ಕೊಟ್ಟು ನಾನೇ ತೆಗೆದುಕೊಳ್ಳುತ್ತೇನೆ.